ಒಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂದ್ರ "ಸಿಲಿಂಡರ್ ಮಾಮಾಗ?" ಅಂತ ಕೇಳ್ಯಾಳ. ಏನ ಹೇಳ್ಲಿ?

ಪ್ರಶ್ನೆ: ಶಿಗ್ಗಾಂವಿ ಅಕ್ಕೋರು

ಎಲ್ಲಾರಿಗೂ ನಮಸ್ಕಾರ್ರಿ. ನಂದು ಶಿಗ್ಗಾಂವಿ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಸಾಲಿ. ನಾವು ಇಬ್ಬರ ಇರೂದು. ಒಂದರಿಂದ ಮೂರನೇತ್ತದ ನಲಿ-ಕಲಿ ಇನ್ನೊಬ್ರು ನೋಡ್ಕೋತಾರ, ನಾಕನೇತ್ತ ಐದನೇತ್ತ ನಂದು. ಕಂಪ್ಯೂಟರ್ ಅನ್ನೂದು ನಮ್ಮ ಸಾಲ್ಯಾಗ ಚಿತ್ರದಾಗಷ್ಟ ಐತಿ.

ಹೋದ ತಿಂಗಳ ನಾಕನೇತ್ತದ ಒಬ್ಬ ಹುಡುಗನ ಮನ್ಯಾಗ ಆದದ್ದು ಹೇಳತೀನಿ. ಅಪ್ಪ ಅವ್ವ ಮಂಗಳೂರ ಕಡೆ ದುಡ್ಯಾಕ ಹೋಗ್ಯಾರ, ಹುಡುಗ ಅಜ್ಜಿ ಹಂತ್ಯಾಕ ಇರತಾನ. ವಿಡಿಯೋ ಕಾಲ್ ಮಾಡಾಕ ಅಂತ ಒಂದು ಹಳೇ ಫೋನ್ ಕೊಟ್ಟ ಹೋಗ್ಯಾರ. ಫೋನ್ ಅಜ್ಜೀದು, ಓದಾವ ಮೊಮ್ಮಗ. ಒಂದಿನ ಸಂಜೀಕ ಫೋನ್ ಬಂತಂತ. "ನಿಮ್ಮ ಗೃಹಲಕ್ಷ್ಮಿ ರೊಕ್ಕ ನಿಂತೈತಿ, ಕಾರ್ಡ್ ತರ್ರಿ" ಅಂದ್ರಂತ. ಅಜ್ಜಿ ಟ್ರಂಕಿನ್ಯಾಗಿಂದ ಎಟಿಎಂ ಕಾರ್ಡ್ ತಗದ ಕೊಟ್ಟಾರ, ಇವ ಮುಂದಿನ 16 ಅಂಕಿ ಓದ್ಯಾನ, ಹಿಂದಿನ ಮೂರು ಓದ್ಯಾನ, ಆಮ್ಯಾಲೆ ಬಂದ ಒಟಿಪೀನೂ ಓದ್ಯಾನ. ಒಂದೂ ತಪ್ಪಿಲ್ಲ. ದೊಡ್ಡ ದೊಡ್ಡ ಸಂಖ್ಯೆ ಎಡವದ ಓದಾಕ ಕಲಿಸಿ, ಶಭಾಷ್ ಅಂತ ಬೆನ್ನ ತಟ್ಟಿದಾಕಿನೂ ನಾನ. ಗೋವಿನಜೋಳ ಮಾರಿದ ರೊಕ್ಕ, 11 ಸಾವಿರ ಚಿಲ್ಲರ ಹೋತು.

ಮುಂದಿಂದು ಇನ್ನೂ ಕೆಟ್ಟದ್ದು. ರೊಕ್ಕ ಹೋದ ಮೆಸೇಜ್ ಬಂದಾಗ ಹುಡುಗಗ ಏನೋ ತಪ್ಪಾತು ಅಂತ ಗೊತ್ತಾಗೇತಿ. ಆ ಮೆಸೇಜ್ ಅಳಿಸ್ಯಾನ. ಎರಡ ದಿನ ಯಾರಿಗೂ ಹೇಳಿಲ್ಲ. ಸಾಲಿಗೂ ಬಂದಾನ, ಬಿಸಿಯೂಟ ಮುಟ್ಟಿಲ್ಲ. ನಾನು ಜ್ವರ ಏನೋ ಅಂತ ಹಣಿ ಮುಟ್ಟಿ ನೋಡಿದೆ, ಅಷ್ಟ. ಅಜ್ಜಿ ಬ್ಯಾಂಕಿಗೆ ಹೋದ ಮ್ಯಾಲೆ ಗೊತ್ತಾತು. ಕಾಕಾ ಬಂದು ಬಾರಿಸ್ಯಾನ.

ಆ ವಾರ ನಾನು ಬೋರ್ಡ್ ಮ್ಯಾಲೆ ಐದು ನಿಯಮ ಬರದೆ. ಗೊತ್ತಲ್ಲ, "ವೈಯಕ್ತಿಕ ಮಾಹಿತಿ ಹಂಚಿಕೊಳ್ಳಬಾರದು" ನಮೂನಿ. ಹುಡುಗೂರು ಚಂದಾಗಿ ಬರಕೊಂಡ್ರು, ಕೆಳಗ ಗೆರಿನೂ ಎಳದ್ರು. ಎರಡನೇದು "ಒಟಿಪಿ ಯಾರಿಗೂ ಹೇಳಬಾರದು" ಅಂತಿತ್ತು. ಹಿಂದಿನ ಸಾಲಿನ ಒಬ್ಬಾಕಿ ಎದ್ದು ನಿಂತು, "ಅಕ್ಕೋರ, ಸಿಲಿಂಡರ್ ತರೂ ಮಾಮಾಗ ಹೇಳದಿದ್ರ ಕೊಡೂದಿಲ್ರಿ" ಅಂದ್ಲು. ಇನ್ನೊಬ್ಬ, "ಆಧಾರ್ ಮಾಡಸಾಕ ಹೋದಾಗ ನಾನ ಹೇಳೀನ್ರಿ" ಅಂದ. ನನಗ ಉತ್ತರ ಹೊಳೀಲಿಲ್ಲ. "ಅದು ಬ್ಯಾರೆ" ಅಂದೆ. ಹೆಂಗ ಬ್ಯಾರೆ ಅಂತ ನನಗೂ ಪಟ್ನ ಹೇಳಾಕ ಬರ್ಲಿಲ್ಲ.

ಒಂಬತ್ತು-ಹತ್ತು ವರ್ಷದ ಹುಡುಗೂರಿಗೆ ಇದನ್ನ ಹೆಂಗ ಕಲಿಸೂದ್ರಿ? "ಮೊಬೈಲ್ ಮುಟ್ಟಬ್ಯಾಡ" ಅನ್ನಾಕ ಬರೂದಿಲ್ಲ, ಮನ್ಯಾಗ ಓದು ಬರಹ ಬಲ್ಲಾವ ಅವನ ಒಬ್ಬ. ಮನಿ ಕಾರಕೂನ ಇದ್ದಂಗ.

ಉತ್ತರ 1: ದುರ್ಗದಬೈಲ್ ಮೊಬೈಲ್

ಅಕ್ಕಾರ, ನಂದು ಹುಬ್ಬಳ್ಯಾಗ ರಿಪೇರಿ ಅಂಗಡಿ. ದಿನಾ ಒಬ್ರರ ಬರತಾರ, "ಹುಡುಗ ಲಾಕ್ ಹಾಕ್ಯಾನ, ತಗೀರಿ" ಅಂತ. ಪ್ಯಾಟರ್ನ್ ಲಾಕ್ ಇದ್ರ ನಾನು ಫೋನ್ ಓರೆ ಮಾಡಿ ಟ್ಯೂಬಲೈಟಿಗೆ ಹಿಡಿತೀನಿ. ಬೆರಳಿನ ಜಿಡ್ಡಿನ ಗೆರಿ ಕಾಣತೈತಿ, ಅರ್ಧಾ ಕೆಲಸ ಅಲ್ಲೇ ಮುಗೀತು. ನಿಮ್ಮ ಹುಡುಗೂರಿಗೂ ಈ ವಿದ್ಯಾ ಗೊತ್ತಿರತೈತಿ, ಅದಕ್ಕ ಪ್ಯಾಟರ್ನ್ ನಂಬಬ್ಯಾಡ್ರಿ, ನಂಬರ್ ಪಿನ್ ಇಡಸ್ರಿ.

ಪಾಠ ಗೀಠ ನಿಮಗ ಬಿಟ್ಟಿದ್ದು. ನಾ ಹೇಳೂದು ಮೂರ ಸೆಟ್ಟಿಂಗ್. ಲಾಕ್ ಆದ ಸ್ಕ್ರೀನ್ ಮ್ಯಾಲೆ ಮೆಸೇಜಿನ ಅಕ್ಷರ ಕಾಣದಂಗ ಮಾಡ್ರಿ. ಕಾರ್ಟೂನ್ ಹಚ್ಚಿ ಕೊಡೂವಾಗ ಆ್ಯಪ್ ಪಿನ್ ಮಾಡ್ರಿ. ಆಂಡ್ರಾಯ್ಡ್ ಸೆಟ್ಟಿಂಗಿನ ಸೆಕ್ಯೂರಿಟಿ ಒಳಗ ಸಿಗತೈತಿ, ಆ ಒಂದ ಆ್ಯಪ್ ಬಿಟ್ಟು ಹೊರಗ ಬರಾಕ ಪಿನ್ ಕೇಳೂವಂಗ ಇಡಬಹುದು. ವಾಟ್ಸಾಪಿನ್ಯಾಗ ಟು ಸ್ಟೆಪ್ ವೆರಿಫಿಕೇಶನ್ ಹಾಕಿ ಆರಂಕಿ ಪಿನ್ ಕೊಡ್ರಿ.

ಇನ್ನೊಂದು ಮರತಿದ್ದೆ. ಈಗ ವಾಟ್ಸಾಪಿಗೆ ಲಗ್ನಪತ್ರಿಕಿ ಅಂತ ಒಂದು ಫೈಲ್ ಬರತೈತಿ, ಹೆಸರಿನ ಕೊನಿಗೆ ಎಪಿಕೆ ಅಂತಿರತೈತಿ. ಅದು ಪತ್ರಿಕಿ ಅಲ್ಲ, ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲಾ ಹೂಂ ಅಂದ್ರ ನಿಮ್ಮ ಮೆಸೇಜ್ ಅವರು ಓದಾಕ ಚಾಲೂ. ಅಜ್ಜಿ "ಯಾರ ಮದುವಿ ನೋಡೋ" ಅಂತಾಳ, ಹುಡುಗ ಒತ್ತತಾನ. ಖರೆ ಪತ್ರಿಕಿ ಫೋಟೋ ಇಲ್ಲಾ ಪಿಡಿಎಫ್ ಆಗಿ ಬರತೈತಿ ಅಂತ ಅಷ್ಟರ ಹೇಳಿಕೊಡ್ರಿ.

ಉತ್ತರ 2: ಹಳೇ ಕಾಲದಾವ

ಸಣ್ಣ ಹುಡುಗೂರ ಕೈಯಾಗ ಮೊಬೈಲ್ ಕೊಟ್ಟಿದ್ದ ತಪ್ಪು. ನಾವೇನು ಮೊಬೈಲ್ ಇಲ್ಲದ ಬೆಳದಿಲ್ಲೇನು?

ಶಿಗ್ಗಾಂವಿ ಅಕ್ಕೋರು

ಬೆಳದೀವ್ರಿ ಸರ. ಆದ್ರ ನಮ್ಮಜ್ಜಿಗೆ ಕಾಗದ ಬಂದ್ರ ಯಾರು ಓದತಿದ್ರು? ಪೋಸ್ಟಮನ್, ಇಲ್ಲಾಂದ್ರ ನಾವ.

ಉತ್ತರ 3: ಗದಗ ಕೌಂಟರ್ ನಂಬರ್ 2

ಅಕ್ಕೋರೇ, ನಾನು ಗದಗಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಇಂಥ ಅಜ್ಜಿಯರು ವಾರಕ್ಕೊಬ್ಬರಾದರೂ ನನ್ನ ಕೌಂಟರಿನ ಮುಂದೆ ನಿಲ್ಲುತ್ತಾರೆ. ಸೆರಗಿನ ಗಂಟಿನಿಂದ ಪಾಸ್‌ಬುಕ್ ತೆಗೆದು, "ಎಂಟ್ರಿ ಹಾಕ್ರಿ" ಅನ್ನುತ್ತಾರೆ. ಎಂಟ್ರಿ ಹಾಕಿದ ಮೇಲೆ ನಾನು ಹೇಳಬೇಕಾದ ಮಾತು ಇರುತ್ತದಲ್ಲ, ಅದು ಬಾಯಿಂದ ಬರುವುದಿಲ್ಲ.

ಮೊದಲು ಆ ಸಿಲಿಂಡರ್ ಹುಡುಗಿಗೆ ಉತ್ತರ. ಆಕೆ ಕೇಳಿದ್ದು ಸರಿಯಾಗಿಯೇ ಇದೆ, ನಮ್ಮ ಘೋಷಣೆಯೇ ಸೋಮಾರಿಯದು. ಕೋಡ್ ಎಲ್ಲ ಒಂದೇ ಜಾತಿಯದಲ್ಲ. ಮಕ್ಕಳಿಗೆ ಎರಡು ಪ್ರಶ್ನೆ ಕೊಡಿ. ಒಂದು, ಯಾರು ಯಾರನ್ನು ಕರೆದರು? ಸಿಲಿಂಡರ್ ಬುಕ್ ಮಾಡಿದ್ದು ನಾವು. ಮಾಮಾ ಸಿಲಿಂಡರ್ ಹೊತ್ತು ಬಾಗಿಲ ಮುಂದೆ ನಿಂತಿದ್ದಾನೆ. ಕೊಟ್ಟ ಕೋಡಿಗೆ ಎದುರಿಗೇ ಸಾಮಾನು ಬರುತ್ತದೆ. ತಾನಾಗಿಯೇ ಫೋನ್ ಮಾಡಿದವನು ಕಣ್ಣಿಗೆ ಕಾಣುವುದಿಲ್ಲ. ಎರಡು, ಮೆಸೇಜಿನಲ್ಲಿ ಏನು ಬರೆದಿದೆ? ನಿಮ್ಮ ಹುಡುಗ ಅಂಕಿ ಮಾತ್ರ ಓದಿದ. ಬ್ಯಾಂಕಿನ ಒಟಿಪಿ ಮೆಸೇಜಿನಲ್ಲಿ ಸಾಮಾನ್ಯವಾಗಿ ಎಷ್ಟು ರೂಪಾಯಿ, ಯಾವುದಕ್ಕೆ, ಯಾರಿಗೂ ಹೇಳಬೇಡಿ ಎಂದೆಲ್ಲ ಅಂಕಿಯ ಸುತ್ತಲೇ ಇರುತ್ತದೆ. ತೊಂದರೆ ಏನೆಂದರೆ ಅದು ಇಂಗ್ಲಿಷಿನಲ್ಲಿರುತ್ತದೆ. ನಿಮ್ಮದೇ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಆ್ಯಪಲ್, ಬಾಲ್ ಜೊತೆಗೆ ಡೆಬಿಟ್, ಕ್ರೆಡಿಟ್, ಪೇ, ಡು ನಾಟ್ ಶೇರ್ ಇಷ್ಟನ್ನು ಓದಲು ಕಲಿಸಲು ಆಗುತ್ತದಾ ನೋಡಿ.

ಯುಪಿಐ ಬಗ್ಗೆ ನಾನು ಹಳ್ಳಿಗಳಲ್ಲಿ ಹೇಳುವುದು ಗುಡಿಯ ಹುಂಡಿಯ ಲೆಕ್ಕ. ಹುಂಡಿಗೆ ರೊಕ್ಕ ಹಾಕಾಕ ಕೀಲಿ ಬೇಕೇನು? ಬ್ಯಾಡ. ತಗ್ಯಾಕ ಬೇಕು. ರೊಕ್ಕ ಬರುವುದಕ್ಕೆ ಪಿನ್ ಒತ್ತಬೇಕು ಎಂದು ಯಾರೇ ಹೇಳಲಿ, ಅವನು ಹುಂಡಿ ಒಡೆಯಲು ಬಂದವನು. ಇದು ಹುಡುಗರಿಗೆ ಥಟ್ಟನೆ ಹತ್ತುತ್ತದೆ, ದೊಡ್ಡವರಿಗೇ ಎರಡು ಸಲ ಹೇಳಬೇಕು.

ಇನ್ನು ಆ ಎರಡು ದಿನ. ನನಗೆ ಹೊಟ್ಟೆ ಉರಿದದ್ದು ಅಲ್ಲಿ. ರೊಕ್ಕ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಮುಂದಿನ ಖಾತೆಯಲ್ಲೇ ಇದ್ದಾಗ ತಡೆಹಿಡಿಯುವ ದಾರಿ ಉಂಟು. ತಡವಾದಷ್ಟೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ, ಕೊನೆಗೆ ಯಾವುದೋ ಎಟಿಎಂನಲ್ಲಿ ನೋಟಾಗಿರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೂ ಇದೇ ಲೆಕ್ಕ ಇತ್ತು: ಗ್ರಾಹಕರೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹೀಗಾಗಿ ಹುಡುಗ ಬಾಯಿ ಮುಚ್ಚಿಕೊಂಡಿದ್ದ ಪ್ರತಿ ತಾಸಿಗೂ ಬೆಲೆ ಇತ್ತು. ಆ ಬಾಯಿ ಮುಚ್ಚಿಸಿದ್ದು ಕಾಕಾನ ಕೈ. ಪೆಟ್ಟು ಬಿದ್ದದ್ದು ಆಮೇಲೆ ನಿಜ, ಆದರೆ ಬೀಳುತ್ತದೆ ಎಂಬುದು ಹುಡುಗನಿಗೆ ಮೊದಲೇ ಗೊತ್ತಿತ್ತು.

ಉತ್ತರ 4: ಕೆಲಗೇರಿ ಮಾಸ್ತರ

ತಂಗಿ, ನಾನು ಧಾರವಾಡದಾಗ ಮೂವತ್ತೈದು ವರ್ಷ ಸಾಲಿ ಕಲಿಸಿ ಮನ್ಯಾಗ ಕುಂತಾವ. ಬ್ಯಾಂಕಿನ ಅಕ್ಕಾರು ಖರೆ ಹೇಳ್ಯಾರ. ಆದ್ರ ಎಲ್ಲಾರೂ ರೊಕ್ಕದ ಮಾತ ಆಡಾಕತ್ತೀರಿ. ಹುಡುಗೂರಿಗೆ ರೊಕ್ಕಕ್ಕಿಂತ ಜಾಸ್ತಿ ನೋವಾಗೂದು ಮಂದಿ ನಕ್ಕಾಗ.

ನನ್ನ ಮೊಮ್ಮಗಳು ಮೂರನೇತ್ತ. ಸಾಲಿ ಗ್ಯಾದರಿಂಗಿನ್ಯಾಗ ಕಿತ್ತೂರ ಚೆನ್ನಮ್ಮನ ವೇಷ ಹಾಕಿದ್ಲು. ಸ್ಟೇಜ್ ಮ್ಯಾಲೆ ಮಾತ ಮರತು ಅತ್ತಳು, ಕತ್ತಿ ಕೈಯಾಗ, ಕಾಡಿಗಿ ಗಲ್ಲಕ್ಕ. ಯಾರೋ ಫೋಟೋ ಹೊಡದ್ರು. ಎರಡ ದಿನದಾಗ ಅದು ವಾಟ್ಸಾಪ್ ಸ್ಟಿಕ್ಕರ್ ಆತು. ಓಣ್ಯಾಗಿನ ದೊಡ್ಡ ಹುಡುಗೂರು ಯಾರ್ಯಾರ ಮ್ಯಾಚ್ ಸೋತ್ರ ಅದನ್ನ ಕಳಸಾಕತ್ರು. ಹುಡುಗಿ ಸಾಲಿಗೆ ಒಲ್ಲೆ ಅಂದ್ಲು. ಆ ಫೋಟೋ ಹುಟ್ಟಿದ್ದೆಲ್ಲಿ ಅಂತ ಹುಡಿಕಿದ್ರ, ಒಬ್ಬ ಶಿಕ್ಷಕರ ಸ್ಟೇಟಸ್! ಪಾಪ, ಅವರು ಪ್ರೀತಿಲೇ ಹಾಕಿದ್ರು. ನಾ ಹೋಗಿ ಹೇಳಿದೆ, ಕೈ ಮುಗದು ತಗದ್ರು. ತಗದ್ರ ಏನಾತು, ಸ್ಟಿಕ್ಕರ್ ಇನ್ನೂ ಓಡಾಡತೈತಿ.

ನನ್ನ ಹೆಂಡತಿ ಮುಂಗೈ ಮ್ಯಾಲೆ ಹಚ್ಚಿ ಐತಿ. ಎಂಟು ವರ್ಷದಾಕಿ ಇದ್ದಾಗ ಜಾತ್ರ್ಯಾಗ ಹಾಕಿಸಿದ್ದು. ನವಿಲು ಹಾಕಂದ್ರ ಅವರು ಹಾಕಿದ್ದು ಕೋಳಿಯಂಗ ಆಗೇತಿ. ಅರವತ್ತು ವರ್ಷ ಆತು, ಕೋಳಿ ಹಂಗ ಕುಂತೈತಿ. ನಾ ಮೊಮ್ಮಗಳಿಗೆ ಅದನ್ನ ತೋರಿಸಿ, "ಪಾಟಿ ಮ್ಯಾಲೆ ಬರದದ್ದು ಉಗುಳ ಹಚ್ಚಿ ಒರಸಬಹುದು, ಫೋನಿನ್ಯಾಗ ಬಿಟ್ಟದ್ದು ನಿಮ್ಮಜ್ಜಿ ಕೋಳಿ" ಅಂದೆ. ಬಿದ್ದು ಬಿದ್ದು ನಕ್ಕಳು. ಈಗ ನಾ ಫೋಟೋ ತಗ್ಯಾಕ ಹೋದ್ರ, "ಅಜ್ಜಾ, ಪಾಟಿನೋ ಕೋಳಿನೋ?" ಅಂತ ಕೇಳತಾಳ.

ನಿಮಗ ಒಂದ ಮಾತು, ಸಿಟ್ಟಾಗಬ್ಯಾಡ್ರಿ. ಬಿಸಿಯೂಟದ್ದು, ಪ್ರಭಾತ್ ಫೇರಿದು ಅಂತ ನೀವು ದಿನಾ ಹುಡುಗೂರ ಮಾರಿ ಫೋಟೋ ಎಷ್ಟ ಗ್ರೂಪಿಗೆ ಹಾಕತೀರಿ? ಅವರನ್ನ ಒಮ್ಮೆರ ಕೇಳೀರೇನು?

ಶಿಗ್ಗಾಂವಿ ಅಕ್ಕೋರು

ಮಾಸ್ತರ್ರ, ಚುಚ್ಚಿತು. ನನ್ನ ಸ್ಟೇಟಸ್ ತಗದ ನೋಡಿದೆ, ಆ ಹುಡುಗಂದ ಫೋಟೋ ಇತ್ತು, "ನನ್ನ ಗಣಿತ ಪ್ರವೀಣ" ಅಂತ ಬರದು. ಸಾಲಿ ಬೋರ್ಡ್ ಹಿಂದ ಕಾಣತೈತಿ, ಊರ ಹೆಸರು ಸೈತ.

ಹದಿನೈದು ದಿನದ ನಂತರ: ಶಿಗ್ಗಾಂವಿ ಅಕ್ಕೋರು

ಏನ ಮಾಡಿದೆ ಹೇಳತೀನಿ, ತಪ್ಪಿದ್ರ ತಿದ್ರಿ.

ಐದು ನಿಯಮದ ಬೋರ್ಡ್ ಒರಸಿದೆ. ಇಂಗ್ಲಿಷ್ ಪಿರಿಯಡ್ಡಿನ್ಯಾಗ ನಾಕು ಮೆಸೇಜ್ ದೊಡ್ಡ ಅಕ್ಷರದಾಗ ಬರದೆ: ಸಿಲಿಂಡರಿಂದು, ಬ್ಯಾಂಕಿಂದು, ರಿಚಾರ್ಜಿಂದು, ಲಾಟರಿ ಬಂದೈತಿ ಅನ್ನೂದು. ಅಂಕಿ ಮ್ಯಾಲೆ ಕೈ ಮುಚ್ಚಿ, ಉಳದದ್ದು ಓದ್ರಿ ಅಂದೆ. ಮೊದಲನೇ ದಿನ ಬರೇ ಗದ್ದಲ. ಮೂರನೇ ದಿನಕ್ಕ ಡೆಬಿಟ್ ಕಂಡ ಕೂಡಲೆ "ಹೋತು, ಹೋತು!" ಅಂತ ಕೂಗಾಕತ್ರು.

ಆಮ್ಯಾಲೆ ಖಡುವಿನ ಖಾಲಿ ಡಬ್ಬಿ ಎರಡು ಫೋನ್ ಮಾಡಿದ್ವಿ. ಒಬ್ರು ಮೋಸದಾವರು, ಒಬ್ರು ಮನಿಯವರು. ಮೋಸದಾವ ಯಾರ ಆಗತೀರಿ ಅಂದ್ರ ಆ ಹುಡುಗನ ಕೈ ಎತ್ತಿದ. ನನಗ ಎದಿ ಧಸಕ್ಕಂತು, ಬ್ಯಾಡ ಅನ್ನೋವಾಕಿ ಇದ್ದೆ. ಅವ ಡಬ್ಬಿ ಕಿವಿಗೆ ಹಿಡಿದು, ದನಿ ದಪ್ಪ ಮಾಡಿ, "ಲಗೂ ಹೇಳ್ರಿ, ಇಲ್ಲಾಂದ್ರ ರೊಕ್ಕ ವಾಪಸ್ ಹೋಗತೈತಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಫೋನ್ ಇಡಬ್ಯಾಡ್ರಿ" ಅಂದ. ಅದು ಆಟದ ಮಾತಲ್ಲರಿ. ಆ ದಿನ ಅವಗ ಹೇಳಿದ್ದ ಮಾತು, ಅಕ್ಷರಕ್ಕ ಅಕ್ಷರ. ನಾ ಅವನಿಂದ ಕಲತೆ: ಲಗೂ ಅನ್ನೂದು, ಯಾರಿಗೂ ಹೇಳಬ್ಯಾಡ ಅನ್ನೂದು, ಎರಡೂ ಕೂಡಿ ಬಂದ್ರ ಡಬ್ಬಿ ಇಟ್ಟು ಓಡೂದು. ಸಿಲಿಂಡರ್ ಹುಡುಗಿ ಎದುರಿಗಿದ್ಲು. "ಮೊದಲ ನೀ ಸಿಲಿಂಡರ್ ಇಳಸು, ಆಮ್ಯಾಲೆ ಹೇಳತೀನಿ" ಅಂದ್ಲು.

ಎಸ್‌ಡಿಎಂಸಿ, ಅಂದ್ರ ಸಾಲಿ ಉಸ್ತುವಾರಿ ಸಮಿತಿ, ಸಭಾದಾಗ ಕಾಕಾನೂ ಬಂದಿದ್ದ. ಬ್ಯಾಂಕಿನ ಅಕ್ಕಾರು ಬರದದ್ದನ್ನ ಹಂಗ ಓದಿದೆ, ಯಾರ ಹೆಸರೂ ತಗೀಲಿಲ್ಲ. ಕಾಕಾ ಕಾಲಾಗಿನ ಚಪ್ಲಿ ನೋಡಕೋತ ಕುಂತಿದ್ದ. 1930, ಜೋಡಿ ಮಕ್ಕಳ ಸಹಾಯವಾಣಿ 1098, ಎರಡೂ ಅಡಗಿ ಮನಿ ಗ್ವಾಡಿ ಮ್ಯಾಲೆ ಇದ್ದಲೀಲೆ ಬರೀರಿ ಅಂತ ಹುಡುಗೂರಿಗೆ ಹೇಳೀನಿ. ನಾಕು ಮಂದಿ ಬರದಾರ. ಒಬ್ಬಾಕಿ ಹೊಸಾ ಸುಣ್ಣದ ಮ್ಯಾಲೆ ಬರದು ಬೈಸಿಕೊಂಡಾಳ.

ಫೋಟೋ ಮಾತ್ರ ಇನ್ನೂ ಸಿಕ್ಕು. ಮ್ಯಾಲಿನವರಿಗೆ ಬಿಸಿಯೂಟದ ಫೋಟೋ ಕಳಸೂದು ತಪ್ಪೂದಿಲ್ಲ. ಈಗ ಹಿಂದಿಂದ ತಗಿತೀನಿ, ತಲಿ ತಾಟು ಕಾಣತಾವ, ಮಾರಿ ಕಾಣೂದಿಲ್ಲ. ಯಾರೂ ಕೇಳಿಲ್ಲ ಇಲ್ಲೀ ತನಕ. ಮಾಸ್ತರ್ರ, ನಿಮ್ಮ ಮೊಮ್ಮಗಳ ಸ್ಟಿಕ್ಕರ್ ನಿಂತತೇನ್ರಿ?

ಕೆಲಗೇರಿ ಮಾಸ್ತರ

ಇಲ್ಲ ತಂಗಿ. ಆದ್ರ ನಿನ್ನಿ ಆಕಿನ ಅದನ್ನ ನನಗ ಕಳಸ್ಯಾಳ, ನಾ ಕೇರಂ ಸೋತದ್ದಕ್ಕ.