33ನೇ ಕಿ.ಮೀ. ಬಂದ ಕೂಡಲೇ ಮೀನಖಂಡ ಹಿಡಿದುಕೊಳ್ಳುತ್ತದೆ, ಯಾವ ಸಾಲ್ಟ್ ಮಾತ್ರೆ ಒಳ್ಳೆಯದು?

ಜೆಪಿನಗರ_ಓಟ
ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಿನಲ್ಲಿ ಬರೆಯುತ್ತಿದ್ದೇನೆ. ಹೋದ ವರ್ಷದ ಮ್ಯಾರಥಾನಿನಲ್ಲಿ ಆದದ್ದೇ ಈ ವರ್ಷವೂ ಆಯಿತು. 33ನೇ ಕಿಲೋಮೀಟರ್ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಬಲಗಾಲಿನ ಮೀನಖಂಡ ಕಲ್ಲಾಯಿತು. ನಿಂತು ತಿಕ್ಕಿಕೊಂಡು ಹೊರಟರೆ ಎಡಗಾಲೂ ಹಾಗೇ. ಅಲ್ಲಿಂದ ಮುಂದೆ ನಡೆದದ್ದೇ ಹೆಚ್ಚು. ಸಬ್ 4, ಅಂದರೆ ನಾಲ್ಕು ಗಂಟೆಯೊಳಗೆ ಮುಗಿಸುವ ಗುರಿ ಇತ್ತು, 4:38 ಆಯಿತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಓಡಿದ್ದೇನೆ, ಒಂದು ಲಾಂಗ್ ರನ್ ಕೂಡ ತಪ್ಪಿಸಿಲ್ಲ. ತರಬೇತಿಯಲ್ಲಿ ಒಮ್ಮೆಯೂ ಹೀಗೆ ಆಗಿಲ್ಲ. ಓಆರ್‌ಎಸ್ ಕುಡಿದಿದ್ದೆ, ಶಕ್ತಿಗೆ ಸಕ್ಕರೆಯ ಜೆಲ್ ತಗೊಂಡಿದ್ದೆ. ಸಾಲ್ಟ್ ಮಾತ್ರೆ ಒಂದೇ ಬಾಕಿ ಅನ್ನಿಸುತ್ತಿದೆ. ಯಾವುದು ತಗೊಳ್ಳಲಿ, ಎಷ್ಟು ಕಿಲೋಮೀಟರಿಗೆ ಒಂದು?

ಮದ್ದೂರು_ಎಕ್ಸ್‌ಪ್ರೆಸ್
ಸರ್, ಇದು ಉಪ್ಪಿನ ಕೊರತೆಯೇ, ಬೇರೇನೂ ಅಲ್ಲ. ಮಾತ್ರೆಗೆ ದುಡ್ಡು ಹಾಕಬೇಡಿ. ಹಿಂದಿನ ದಿನದಿಂದಲೇ ಎಳನೀರು ಕುಡಿಯಿರಿ, ಓಟದ ಬೆಳಗ್ಗೆ ಎರಡು ಏಲಕ್ಕಿ ಬಾಳೆಹಣ್ಣು, ಜೇಬಿನಲ್ಲಿ ಒಂದು ಚಿಟಿಕೆ ಉಪ್ಪು. ನಮ್ಮ ಗುಂಪಿನಲ್ಲಿ ಎಲ್ಲರೂ ಹೀಗೇ ಮಾಡುವುದು.

ಬರಿಗಾಲು_ಬಳಗ
ಶೂ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ. ಮೀನಖಂಡ ಅಂದರೆ ಮೊದಲು ನೋಡಬೇಕಾದ್ದು ಶೂ. ಡ್ರಾಪ್, ಅಂದರೆ ಮುಂಗಾಲಿಗಿಂತ ಹಿಮ್ಮಡಿಯ ಎತ್ತರ, ಕಡಿಮೆ ಇರುವ ಶೂಗೆ ಹೊಸದಾಗಿ ಬಂದಿದ್ದರೆ ಪೂರ್ತಿ ಭಾರ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ನರದ ಮೇಲೆ ಬೀಳುತ್ತದೆ. 10 ಮಿ.ಮೀ. ಡ್ರಾಪ್‌ನಿಂದ 4 ಮಿ.ಮೀ.ಗೆ ಸೀದಾ ಹಾರಿದರೆ ಹೀಗೇ ಆಗೋದು.

ಜೆಪಿನಗರ_ಓಟ
ಶೂ ಹಳೆಯದೇ, 8 ಮಿ.ಮೀ. ಡ್ರಾಪ್. ಅದರಲ್ಲೇ ತರಬೇತಿ ಮಾಡಿದ್ದೇನೆ. ಶೂ ಸಮಸ್ಯೆ ಅಲ್ಲ.

ಬರಿಗಾಲು_ಬಳಗ
ಹಳೆಯದು ಅಂದರೆ ಎಷ್ಟು ಹಳೆಯದು? 700 ಕಿ.ಮೀ. ದಾಟಿದ್ದರೆ ಫೋಮ್ ಸತ್ತಿರುತ್ತದೆ. ಆಗ ಪ್ರತಿ ಹೆಜ್ಜೆಯ ಏಟನ್ನು ಕಾಲೇ ತಡೆಯಬೇಕು. ವಾರಕ್ಕೊಮ್ಮೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ನೋಡಿ, ಪಾದ ಗಟ್ಟಿಯಾಗುತ್ತದೆ. ನಾನು ಲಾಲ್‌ಬಾಗ್‌ನಲ್ಲಿ ಅದನ್ನೇ ಮಾಡುವುದು.

ಮದ್ದೂರು_ಎಕ್ಸ್‌ಪ್ರೆಸ್
ಅವರು ಶೂ ಅಲ್ಲ ಅಂತ ಹೇಳಿದ ಮೇಲೂ ಶೂನಲ್ಲೇ ಇದ್ದೀರಲ್ಲ. ಮೊದಲು ಎಳನೀರು ಕುಡಿಯಲಿ.

ಬರಿಗಾಲು_ಬಳಗ
ಎಳನೀರಿನಲ್ಲಿ ಇರುವುದು ಪೊಟ್ಯಾಸಿಯಂ. ಬಾಳೆಹಣ್ಣಿನಲ್ಲೂ ಅದೇ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಉಪ್ಪಿನ ಕೊರತೆ ಅಂತ ನೀವೇ ಹೇಳಿ ಎಳನೀರು ಕೊಟ್ಟರೆ ಹೇಗೆ?

ಮದ್ದೂರು_ಎಕ್ಸ್‌ಪ್ರೆಸ್
ಅದಕ್ಕೇ ಜೇಬಿನಲ್ಲಿ ಉಪ್ಪು ಇಟ್ಟುಕೊಳ್ಳಿ ಅಂತ ಹೇಳಿದ್ದು. ಪೂರ್ತಿ ಓದಿ.

ವಾಚ್_ವಿಶ್ವ
ಹೃದಯ ಬಡಿತದ ಗ್ರಾಫ್ ಹಾಕಿದರೆ ಎಲ್ಲ ಗೊತ್ತಾಗುತ್ತದೆ. ಕ್ರ್ಯಾಂಪ್ ಆಗುವ, ಅಂದರೆ ಖಂಡ ಹಿಡಿದುಕೊಳ್ಳುವ ಮುಂಚೆ ಎಷ್ಟಿತ್ತು?

ಜೆಪಿನಗರ_ಓಟ
25ರಿಂದ 33ರ ತನಕ 176-178. ತರಬೇತಿಯಲ್ಲಿ 145 ದಾಟುವುದೇ ಇಲ್ಲ.

ವಾಚ್_ವಿಶ್ವ
ಕೈಗೆ ಕಟ್ಟಿದ ವಾಚ್ ಆದರೆ ಆ ಸಂಖ್ಯೆ ನಂಬುವ ಹಾಗಿಲ್ಲ. ಬೆಳಕು ಬಿಟ್ಟು ರಕ್ತದ ಬಡಿತ ಅಳೆಯುವ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ತಾಳವನ್ನೇ ಬಡಿತ ಅಂತ ಹಿಡಿದುಕೊಳ್ಳುತ್ತದೆ. ನಿಮಿಷಕ್ಕೆ 176 ಹೆಜ್ಜೆ ಇಡುತ್ತಿದ್ದರೆ ಅದೇ ತೋರಿಸುತ್ತದೆ. ಬೆವರು ಜಾಸ್ತಿಯಾಗಿ ಪಟ್ಟಿ ಸಡಿಲಾದರೆ ಇನ್ನೂ ಕಷ್ಟ. ಎದೆಪಟ್ಟಿ ತಗೊಳ್ಳಿ. ನಾನು ಗಾರ್ಮಿನ್ ಫೋರ್‌ರನ್ನರ್ ವಾಚ್ ಜೊತೆ ಎದೆಪಟ್ಟಿ, ಶೂಗೆ ಹೆಜ್ಜೆ ಅಳೆಯುವ ಫುಟ್‌ಪಾಡ್ ಕಟ್ಟುತ್ತೇನೆ. ಕಬ್ಬನ್ ಪಾರ್ಕ್ ಮರಗಳ ಕೆಳಗೂ ಪೇಸ್, ಅಂದರೆ ಕಿಲೋಮೀಟರಿಗೆ ಹಿಡಿಯುವ ಸಮಯ, ಅಲುಗಾಡುವುದಿಲ್ಲ. ಮನೆಗೆ ಬಂದ ಮೇಲೆ ಮೂರೂ ಫೈಲ್ ಒಟ್ಟಿಗೆ ಹಾಕಿ ನೋಡುತ್ತೇನೆ.

ಕೆರೆ_ಏರಿ
ಕೋರೋಸ್‌ನಲ್ಲಿ ವಾಚಿನ ಬ್ಯಾಟರಿ ಇನ್ನೂ ಜಾಸ್ತಿ ಬರುತ್ತದೆ ಸರ್. ನಾನು ಚಾರ್ಜ್‌ಗೆ ಹಾಕುವುದೇ ಅಪರೂಪ. ತೂಕವೂ ಕಡಿಮೆ.

ವಾಚ್_ವಿಶ್ವ
ಮ್ಯಾಪ್ ಹಾಕಿಕೊಂಡು ಓಡಿದರೆ ಆಗ ಹೇಳಿ, ಬ್ಯಾಟರಿ ಎಷ್ಟು ನಿಲ್ಲುತ್ತದೆ ಅಂತ.

ಕುಡ್ಲ_ಕಡಲು
ವಾಚಿನ ಮಾತು ಆಮೇಲೆ ಆಡುವ ಮಾರಾಯ್ರೇ. ಜೆಪಿನಗರದವರೇ, ಒಂದು ಪ್ರಶ್ನೆ. ರೇಸ್ ಎಲ್ಲಿ ಓಡಿದ್ದು?

ಜೆಪಿನಗರ_ಓಟ
ಮುಂಬೈ, ಇನ್ನೆಲ್ಲಿ. ಜನವರಿಯಲ್ಲಿ ಫುಲ್ ಮ್ಯಾರಥಾನ್ ಅಂದರೆ ಮುಂಬೈ ಅಲ್ವಾ? ಹೋದ ವರ್ಷವೂ ಅಲ್ಲೇ.

ಕುಡ್ಲ_ಕಡಲು
ಇದನ್ನು ಮೊದಲೇ ಹೇಳಬೇಕಿತ್ತು. ನೀವು ತರಬೇತಿ ಮಾಡಿದ್ದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಚಳಿಗಾಲದ ಬೆಂಗಳೂರಿನಲ್ಲಿ, ಬಿಸಿಲು ಏರುವ ಮುಂಚೆ. ಓಡಿದ್ದು ಕಡಲ ಪಕ್ಕ. ಮುಂಬೈಯ ಗಾಳಿಯಲ್ಲಿ ಪಸೆ ಜಾಸ್ತಿ. ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ಸುಮ್ನೆ ಹನಿ ಹನಿಯಾಗಿ ನೆಲಕ್ಕೆ ಬಿದ್ದರೆ ನೀರು, ಉಪ್ಪು ಎರಡೂ ಹೋಯಿತು, ತಂಪೂ ಆಗಲಿಲ್ಲ. ಅದೇ ಪೇಸಿಗೆ ಹೃದಯ ಜಾಸ್ತಿ ಬಡಿಯಬೇಕು. ನಾವು ಮಂಗಳೂರಿನ ಪಣಂಬೂರು ಕಡೆ ವರ್ಷವಿಡೀ ಇದರಲ್ಲೇ ಓಡುವವರು. ಬೆಂಗಳೂರಿನಿಂದ ಬರುವ ಗೆಳೆಯರು 15 ಕಿಲೋಮೀಟರಿಗೇ ಸುಸ್ತಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ 178 ನಿಜವೇ ಇರಬಹುದು.

ಮದ್ದೂರು_ಎಕ್ಸ್‌ಪ್ರೆಸ್
ನೋಡಿದ್ರಾ, ಬೆವರು ಜಾಸ್ತಿ ಅಂದರೆ ಉಪ್ಪು ಜಾಸ್ತಿ ಹೋಗಿದೆ. ನಾನು ಹೇಳಿದ್ದೇ ಅದು.

ಚಾಮುಂಡಿ_ಏರು
ಉಪ್ಪು ಒಂದೇ ಕಾರಣ ಆಗಿದ್ದರೆ ಕ್ರ್ಯಾಂಪ್ ಮೈಯಲ್ಲೆಲ್ಲ ಬರಬೇಕು. ಜಾಸ್ತಿ ದುಡಿದ ಮಾಂಸಖಂಡಕ್ಕೇ ಬರುತ್ತದೆ ಅಂದರೆ ಅದು ದಣಿದಿದೆ ಅಂತ ಅರ್ಥ. ದಣಿದ ಖಂಡಕ್ಕೆ ಬಿಗಿದುಕೊಳ್ಳುವ ಸಂಕೇತ ಜಾಸ್ತಿ ಬರುತ್ತದೆ, ಸಡಿಲಿಸುವ ಸಂಕೇತ ಕಡಿಮೆಯಾಗುತ್ತದೆ. ಈಗ ಹೆಚ್ಚು ಒಪ್ಪಿಗೆ ಇರುವುದು ಈ ವಿವರಣೆಗೆ. ಅದಕ್ಕೇ ನಿಂತು ಕಾಲ್ಬೆರಳನ್ನು ಮೊಣಕಾಲಿನ ಕಡೆ ಎಳೆದು ಹಿಡಿದರೆ ಕ್ರ್ಯಾಂಪ್ ಬಿಡುವುದು. ಎಳೆಯುವುದರಿಂದ ಉಪ್ಪೇನೂ ಒಳಗೆ ಹೋಗುವುದಿಲ್ಲವಲ್ಲ.

ಜೆಪಿನಗರದವರೇ, ಮೂರು ವಿಷಯ ಹೇಳಿ. ಮೊದಲ ಅರ್ಧ ಎಷ್ಟರಲ್ಲಿ ಮುಗಿಸಿದಿರಿ? ಲಾಂಗ್ ರನ್ ಯಾವ ಪೇಸ್? ನಿಮ್ಮ ಒಳ್ಳೆಯ ಹಾಫ್ ಮ್ಯಾರಥಾನ್ ಟೈಮ್ ಎಷ್ಟು?

ಜೆಪಿನಗರ_ಓಟ
ಮೊದಲ ಅರ್ಧ 1:52, ಆರಾಮಾಗಿಯೇ ಇತ್ತು. ಬಿಸಿಲು ಬರುವ ಮುಂಚೆ ಸ್ವಲ್ಪ ಟೈಮ್ ಉಳಿಸಿಕೊಳ್ಳೋಣ ಅಂತ ಓಡಿದೆ. ಲಾಂಗ್ ರನ್ ಎಲ್ಲ 6:30 ಪೇಸ್, ಹೆಚ್ಚೆಂದರೆ 30 ಕಿ.ಮೀ. ಹಾಫ್ ಬೆಂಗಳೂರಿನಲ್ಲಿ 1:49. ಜೆಲ್ ಎರಡು ತಗೊಂಡೆ, 15 ಮತ್ತು 28ರಲ್ಲಿ. ಮೊಣಕಾಲು ಸ್ವಲ್ಪ ನೋಯುತ್ತಿತ್ತು, ಅದಕ್ಕೆ ಬೆಳಗ್ಗೆ ಒಂದು ಐಬುಪ್ರೊಫೆನ್ ನುಂಗಿ ಹೋಗಿದ್ದೆ, ಮಧ್ಯದಲ್ಲಿ ಇನ್ನೊಂದು. ಅದರಿಂದ ಏನೂ ತೊಂದರೆ ಆಗಲಿಲ್ಲ.

ಹುಬ್ಬಳ್ಳಿ_ಫಿಸಿಯೋ
ತಡೀರಿ, ಉಳಿದದ್ದು ಆಮೇಲೆ. ಆ ಮಾತ್ರೆ ಬಗ್ಗೆ ಮೊದಲು ಹೇಳುತ್ತೇನೆ. ಓಡುವಾಗ ರಕ್ತ ಕಾಲಿಗೆ, ಚರ್ಮಕ್ಕೆ ಜಾಸ್ತಿ ಹೋಗುತ್ತದೆ, ಕಿಡ್ನಿಗೆ ಕಡಿಮೆ ಆಗುತ್ತದೆ. ಮೇಲೆ ಬೆವರಿ ನೀರೂ ಕಡಿಮೆಯಾಗಿರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಕಿಡ್ನಿಯ ರಕ್ತನಾಳ ತೆರೆದಿಡುವ ವ್ಯವಸ್ಥೆಯನ್ನೇ ತಡೆಯುತ್ತವೆ. ಬಿಸಿಲಿನ ಊರಿನಲ್ಲಿ ನಾಲ್ಕು ತಾಸು ಓಡುವ ದಿನ ಇದು ಅಪಾಯ. ನೋವಿದ್ದರೆ ಓಟದ ಮುಂಚಿನ ವಾರಗಳಲ್ಲಿ ತೋರಿಸಿಕೊಳ್ಳಿ. ಓಟದ ಬೆಳಗ್ಗೆ ನುಂಗಬೇಡಿ, ಮಧ್ಯದಲ್ಲಂತೂ ಬೇಡವೇ ಬೇಡ.

ಇನ್ನೊಂದು ಮಾತು, ಎಲ್ಲರಿಗೂ. ಓಟ ಮುಗಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಕಾಲು ಊದಿಕೊಂಡು ವಿಪರೀತ ನೋವಿದ್ದರೆ ಮನೆಯಲ್ಲಿ ಕೂರಬೇಡಿ. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿರಬಹುದು. ಸೀದಾ ಆಸ್ಪತ್ರೆಗೆ ಹೋಗಿ. ನಿಮಗೆ ಹಾಗೇನಾದರೂ ಆಗಿತ್ತೇನ್ರಿ?

ಜೆಪಿನಗರ_ಓಟ
ಇಲ್ಲ ಡಾಕ್ಟ್ರೇ, ಬಣ್ಣ ಸ್ವಲ್ಪ ಹಳದಿ ಇತ್ತು, ಸಂಜೆಗೆ ಸರಿಹೋಯಿತು. ಮಾತ್ರೆ ವಿಷಯ ಗೊತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಸುಮಾರು ಜನ ತಗೊಳ್ಳುತ್ತಾರೆ, ಅವರಿಗೂ ಇದನ್ನು ಕಳಿಸುತ್ತೇನೆ.

ಚಾಮುಂಡಿ_ಏರು
ಈಗ ಪೇಸ್ ನೋಡೋಣ. ಸಬ್ 4ಕ್ಕೆ ಬೇಕಾದ್ದು ಕಿಲೋಮೀಟರಿಗೆ 5:41. ನೀವು ಮೊದಲ ಅರ್ಧ ಓಡಿದ್ದು ಸುಮಾರು 5:18ರಲ್ಲಿ. ಪೀಟ್ ರೀಗಲ್ ಅನ್ನುವ ಅಮೆರಿಕದ ಎಂಜಿನಿಯರ್ ಮಾಡಿದ ಸೂತ್ರ ಇದೆ, ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ ಅಂತ. ಆ ಲೆಕ್ಕದಲ್ಲಿ 1:49 ಹಾಫ್ ಓಡುವವರಿಗೆ ಫುಲ್ 3:47 ಬರುತ್ತದೆ. ಅದೂ ಹವಾಮಾನ ಹಾಫ್ ಓಡಿದ ದಿನದ ಹಾಗೇ ಇದ್ದು, ತರಬೇತಿ ಪೂರ್ತಿ ಆಗಿದ್ದರೆ. ನೀವು ಮುಂಬೈಯಲ್ಲಿ ಅದಕ್ಕಿಂತ ವೇಗವಾಗಿ, 3:44ರ ಪೇಸಿನಲ್ಲಿ ಹೊರಟಿರಿ. ಲಾಂಗ್ ರನ್ ಎಲ್ಲ 6:30ರಲ್ಲಿ ಮಾಡಿದ ಕಾಲು ಅದು. 5:18ರಲ್ಲಿ 30 ದಾಟಿದ ಮೇಲೆ ಏನಾಗುತ್ತದೆ ಅಂತ ಅದಕ್ಕೆ ಅಭ್ಯಾಸವೇ ಇಲ್ಲ. ತರಬೇತಿಯಲ್ಲಿ ಕ್ರ್ಯಾಂಪ್ ಬರದೆ ರೇಸಿನಲ್ಲಿ ಮಾತ್ರ ಬಂದದ್ದು ಇದಕ್ಕೇ. ಮುಂಬೈ ಮಾರ್ಗದ ಪೆಡ್ಡರ್ ರೋಡಿನ ಏರು ಇನ್ನೂ ಬಂದೇ ಇರಲಿಲ್ಲ ನೋಡಿ.

ಮ್ಯಾರಥಾನಿನಲ್ಲಿ ಟೈಮ್ ಉಳಿಸಿಕೊಳ್ಳುವುದು ಅಂತ ಒಂದು ಇಲ್ಲವೇ ಇಲ್ಲ. ನೀವು ಮೊದಲ ಅರ್ಧದಲ್ಲಿ ಉಳಿಸಿದ್ದು 8 ನಿಮಿಷ. ಆಮೇಲೆ ಕೊಟ್ಟದ್ದು 46.

ಬರಿಗಾಲು_ಬಳಗ
ಪೇಸ್ ಲೆಕ್ಕ ಒಪ್ಪುತ್ತೇನೆ. ಆದರೂ ಶೂ ಎಷ್ಟು ಕಿಲೋಮೀಟರ್ ಓಡಿದೆ ಅಂತ ಅವರು ಇನ್ನೂ ಹೇಳಿಲ್ಲ.

ಮದ್ದೂರು_ಎಕ್ಸ್‌ಪ್ರೆಸ್
ಚಾಮುಂಡಿ ಮೇಡಂ, ಹಾಗಾದರೆ ಉಪ್ಪಿನಕಾಯಿ ರಸ ಕುಡಿದರೆ ಕ್ರ್ಯಾಂಪ್ ನಿಲ್ಲುವುದು ಹೇಗೆ? ಅದು ಉಪ್ಪೇ ಅಲ್ವಾ?

ಹುಬ್ಬಳ್ಳಿ_ಫಿಸಿಯೋ
ಅದರ ಮೇಲೆ 2010ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಕಾಲಿನ ಸಣ್ಣ ಮಾಂಸಖಂಡಕ್ಕೆ ವಿದ್ಯುತ್ ಕೊಟ್ಟು ಕ್ರ್ಯಾಂಪ್ ಬರಿಸಿದರು. ಉಪ್ಪಿನಕಾಯಿ ನೀರು ಕುಡಿದವರಿಗೆ ಸುಮಾರು ಒಂದೂವರೆ ನಿಮಿಷದಲ್ಲಿ ಬಿಟ್ಟಿತು, ಬರೀ ನೀರು ಕುಡಿದವರಿಗೆ ಎರಡು ನಿಮಿಷದ ಮೇಲಾಯಿತು. ಅಷ್ಟು ಬೇಗ ಉಪ್ಪು ರಕ್ತಕ್ಕೆ ಸೇರುವುದಿಲ್ಲ. ಗಂಟಲಿಗೆ ಹುಳಿ ತಾಗಿ ನರಗಳ ಮೂಲಕ ಕೆಲಸ ಮಾಡುತ್ತದೆ ಅಂತ ಅವರ ಊಹೆ. ಅಲ್ಲಿನದು ಸೌತೆಕಾಯಿ ನೆನೆಸಿದ ವಿನಿಗರ್ ನೀರು. ನಮ್ಮ ಎಣ್ಣೆ ಉಪ್ಪಿನಕಾಯಿ ತಿಂದು ಓಡಬೇಡಿ, ಹೊಟ್ಟೆ ಕೆಡುತ್ತದೆ.

ಉಪ್ಪು ಬೇಡ ಅಂತ ನಾನು ಹೇಳುವುದಿಲ್ಲ ಮತ್ತೆ. ನೀರು ಎಷ್ಟು ಬೇಕು ಅಂತ ತಿಳಿಯದೆ ಉಪ್ಪಿನ ಮಾತ್ರೆ ನುಂಗುವುದು ಬೇಡ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ನೋಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದಿತ್ತು. ಓಡುತ್ತಾ ತೂಕ ಏರಿಸಿಕೊಂಡವರಲ್ಲೇ ಅದು ಜಾಸ್ತಿ.

ಜೆಪಿನಗರ_ಓಟ
ಹಾಗಾದರೆ ಎಷ್ಟು ಕುಡಿಯಬೇಕು? ನಾನು ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು ಅರ್ಧ ಲೀಟರ್ ಬಾಟಲಿಗೆ ಹಾಕಿಕೊಂಡು ಹೋಗಿದ್ದೆ.

ಹುಬ್ಬಳ್ಳಿ_ಫಿಸಿಯೋ
ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಇರುವುದು. ಪ್ಯಾಕೆಟ್ ಮೇಲೆ ಬರೆದ ಅಳತೆ ನೋಡಿ ಅಷ್ಟೇ ನೀರು ಹಾಕಿ. ಗಟ್ಟಿ ಮಾಡಿದರೆ ಹೊಟ್ಟೆಯಲ್ಲೇ ನಿಂತು ವಾಕರಿಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಅಂದರೆ ಸಕ್ಕರೆ ತೀರಾ ಕಡಿಮೆ. ಅದು ವಾಂತಿ ಭೇದಿಗೆ ಮಾಡಿದ್ದು, ಓಟಕ್ಕೆ ಶಕ್ತಿ ಕೊಡುವುದಿಲ್ಲ. ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್, ಅಂದರೆ ಸಕ್ಕರೆ ಪಿಷ್ಟದ ಅಂಶ ಬೇಕು. ಒಂದು ಜೆಲ್‌ನಲ್ಲಿ ಇರುವುದು 20-25 ಗ್ರಾಂ. ನಾಲ್ಕು ಗಂಟೆಗೆ ಎರಡು ಜೆಲ್ ಏನಕ್ಕೂ ಸಾಲದು.

ಕುಡಿಯುವ ಲೆಕ್ಕ ಮನೆಯಲ್ಲೇ ತಿಳಿಯಬಹುದು. ಮೂತ್ರ ಮಾಡಿ, ಬಟ್ಟೆ ಇಲ್ಲದೆ ತೂಕ ನೋಡಿ. ರೇಸ್ ಪೇಸಿನಲ್ಲಿ ಒಂದು ತಾಸು ಓಡಿ. ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು. ಮಧ್ಯದಲ್ಲಿ ಕುಡಿದಿದ್ದರೆ ಅದನ್ನೂ ಕೂಡಿಸಿ. ಹೋದದ್ದೆಲ್ಲ ತುಂಬಿಸಬೇಕಂತ ಇಲ್ಲ, ಬಾಯಾರಿದಾಗ ಕುಡಿಯಿರಿ, ಬೆವರಿದ್ದಕ್ಕಿಂತ ಜಾಸ್ತಿ ಮಾತ್ರ ಆಗಬಾರದು.

ಕೆರೆ_ಏರಿ
ಜೆಲ್ ದುಬಾರಿ ಸರ್. ತರಬೇತಿಗೆ ನಾನು ಬೀಜ ತೆಗೆದ ಖರ್ಜೂರ, ಬೆಲ್ಲದ ತುಂಡು ಒಯ್ಯುತ್ತೇನೆ. ರೇಸಿಗೆ ಮಾತ್ರ ಜೆಲ್. ಚಿಕ್ಕಿ ಬೇಡ, ಕಡಲೆಕಾಯಿ ಓಡುವಾಗ ಜೀರ್ಣ ಆಗುವುದಿಲ್ಲ.

ಚಾಮುಂಡಿ_ಏರು
ಜೆಲ್ ಆದರೂ ತರಬೇತಿಯಲ್ಲಿ ಕೆಲವು ಸಲ ತಗೊಂಡು ನೋಡಲೇಬೇಕು, ಹೊಟ್ಟೆಗೂ ಅಭ್ಯಾಸ ಬೇಕು.

ಜೆಪಿನಗರದವರೇ, ಮುಂದಿನ ಸಲಕ್ಕೆ ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಒಂದು ವಾರ ಬಿಟ್ಟು ಒಂದು ವಾರ ಲಾಂಗ್ ರನ್ನಿನ ಕೊನೆಯ 8-10 ಕಿ.ಮೀ. ರೇಸ್ ಪೇಸಿನಲ್ಲಿ, 5:41ರಲ್ಲೇ, ಅದಕ್ಕಿಂತ ವೇಗ ಬೇಡ. ವಾರಕ್ಕೆರಡು ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಒಮ್ಮೆ ಮೊಣಕಾಲು ನೇರ, ಒಮ್ಮೆ ಬಗ್ಗಿಸಿ. ಬಗ್ಗಿಸಿದಾಗ ಒಳಗಿನ ಸೋಲಿಯಸ್ ಖಂಡಕ್ಕೆ ಕೆಲಸ ಬೀಳುತ್ತದೆ, ದೂರದ ಓಟದಲ್ಲಿ ದುಡಿಯುವುದು ಅದೇ. ಬೆಟ್ಟದ ರಸ್ತೆಯಲ್ಲಿ ಓಡಿ ಇಳಿಯುವುದನ್ನೂ ರೂಢಿ ಮಾಡಿ, ತೊಡೆ ಗಟ್ಟಿಯಾಗುತ್ತದೆ.

ಕುಡ್ಲ_ಕಡಲು
ಸೆಕೆಗೂ ಅಭ್ಯಾಸ ಬೇಕು. ಮೈ ಹೊಂದಿಕೊಳ್ಳಲಿಕ್ಕೆ 10ರಿಂದ 14 ದಿನ ಹಿಡಿಯುತ್ತದೆ. ಅಷ್ಟು ಮೊದಲೇ ಮುಂಬೈಗೆ ಹೋಗಿ ಕೂರಲಿಕ್ಕೆ ಆಗುವುದಿಲ್ಲ. ಕೊನೆಯ ಎರಡು ವಾರ ಈಜಿ ರನ್‌ಗಳನ್ನು ಬಿಸಿಲೇರಿದ ಮೇಲೆ ಮಾಡಿ, ನಿಧಾನಕ್ಕೆ. ಇಲ್ಲಾಂದ್ರೆ ರಜೆ ಸಿಕ್ಕಿದಾಗ ಮಂಗಳೂರಿಗೇ ಬನ್ನಿ, ಒಂದು ಲಾಂಗ್ ರನ್ ಒಟ್ಟಿಗೆ ಮಾಡುವ. ನಾನು ಸೈಕಲ್ಲಿನಲ್ಲಿ ನೀರು ಹಿಡಿದುಕೊಂಡು ಬರುತ್ತೇನೆ.

ಜೆಪಿನಗರ_ಓಟ
ಖಂಡಿತ ಬರುತ್ತೇನೆ ಸರ್. ಇವತ್ತು ತೂಕದ ಪರೀಕ್ಷೆ ಮಾಡಿದೆ. ಒಂದು ಗಂಟೆ, 5:41 ಪೇಸ್, ನೀರು ಕುಡಿಯಲಿಲ್ಲ. 900 ಗ್ರಾಂ ಇಳಿದಿದೆ. ಇದು ಬೆಂಗಳೂರಿನಲ್ಲಿ. ಮುಂಬೈಗೆ ಎಷ್ಟು ಅಂತ ಇಟ್ಟುಕೊಳ್ಳಲಿ?

ಹುಬ್ಬಳ್ಳಿ_ಫಿಸಿಯೋ
ಅದನ್ನು ಊಹಿಸಬೇಡಿ. ಮಂಗಳೂರಿಗೆ ಹೋಗುತ್ತೀರಲ್ಲ, ತೂಕದ ಯಂತ್ರ ಒಯ್ಯಿರಿ. ಅಲ್ಲಿ ಬಂದ ಅಂಕಿ ಮುಂಬೈಗೆ ಹತ್ತಿರ ಇರುತ್ತದೆ. ಟೋಪಿ ಮೇಲೆ, ಬಟ್ಟೆ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುತ್ತದಾ ಅಂತಲೂ ನೋಡಿ. ದಪ್ಪ ಗೆರೆ ಮೂಡಿದರೆ ಮದ್ದೂರಿನವರು ಹೇಳಿದ ಉಪ್ಪಿನ ಬಗ್ಗೆ ಆಗ ಮಾತಾಡೋಣ.

ಮದ್ದೂರು_ಎಕ್ಸ್‌ಪ್ರೆಸ್
ಗೆರೆ ಮೂಡಿದರೆ ಫೋಟೋ ಹಾಕಿ ಸರ್. ಮಂಗಳೂರಿಗೆ ಹೋಗುವಾಗ ಹೇಳಿ, ನಾನೂ ಬರುತ್ತೇನೆ. ಎಳನೀರು ನನ್ನ ಕಡೆಯಿಂದ.

ಬರಿಗಾಲು_ಬಳಗ
ಬೀಚಿನ ಮರಳಿನಲ್ಲಿ ಬರಿಗಾಲು ಓಟ ಇದ್ದರೆ ನನ್ನನ್ನೂ ಸೇರಿಸಿ. ಶೂ ಎಷ್ಟು ಕಿಲೋಮೀಟರ್ ಆಗಿದೆ ಅಂತ ಅಲ್ಲೇ ಕೇಳುತ್ತೇನೆ.

ಹೊಸ_ಬಿಬ್
ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಮೀನಖಂಡ ಅಲ್ಲ, 5 ಕಿಲೋಮೀಟರಿಗೇ ಪಕ್ಕೆ ಹಿಡಿದುಕೊಳ್ಳುತ್ತದೆ. ಇದಕ್ಕೂ ಪೇಸೇ ಕಾರಣವಾ?

ಚಾಮುಂಡಿ_ಏರು
ಓಡುವ ಮುಂಚೆ ಏನು ತಿಂದಿರಿ, ಎಷ್ಟು ಹೊತ್ತಿನ ಮುಂಚೆ, ಎಲ್ಲಿ ಓಡುತ್ತೀರಿ ಅಂತ ಬರೆದು ಬೇರೆ ಚರ್ಚೆ ತೆರೆಯಿರಿ. ಅಲ್ಲಿಗೇ ಬರುತ್ತೇನೆ.