ಸೀರೆ ಅಂಗಡಿಯ ವೆಬ್‌ಸೈಟಿಗೆ ಬ್ಲಾಗ್ ಬೇಕಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಮಾವನವರ ಕಾಲದ ಸೀರೆ ಅಂಗಡಿ. ಈಗ ವೆಬ್‌ಸೈಟ್ ಮಾಡಿಸುತ್ತಿದ್ದೇವೆ. ಮಾಡಿಕೊಡುವವರು, ‘ಬ್ಲಾಗ್ ಇಲ್ಲದಿದ್ದರೆ ಗೂಗಲ್‌ನಲ್ಲಿ ಕಾಣಿಸುವುದೇ ಇಲ್ಲ, ತಿಂಗಳಿಗೆ ನಾಲ್ಕು ಲೇಖನ ನಾವೇ ಬರೆಸಿ ಹಾಕುತ್ತೇವೆ’ ಎನ್ನುತ್ತಾರೆ. ಅದಕ್ಕೆ ಬೇರೆ ದುಡ್ಡು. ಮನೆಯವರು ಸುಮ್ನೆ ಖರ್ಚು ಅಂತಾರೆ. ನನಗೆ ಬರೆಯುವ ಆಸೆ ಇದೆ, ಪುರುಸೊತ್ತು ಇಲ್ಲ. ಏನು ಮಾಡಲಿ?

ಸಕಲೇಶಪುರ, ಹೋಂಸ್ಟೇ ನಡೆಸುವವರು

ತಂಗಿ, ನಿಮ್ಮ ಪತ್ರ ಓದಿ ನನ್ನ ಕಥೆಯೇ ಅನ್ನಿಸಿತು. ಹೋಂಸ್ಟೇ ಶುರು ಮಾಡಿದಾಗ ನನಗೂ ಇದೇ ಮಾತು ಹೇಳಿದ್ದರು. ಒಂದು ವರ್ಷದ ದುಡ್ಡು ಮುಂಗಡ ಕೊಟ್ಟೆ. ‘ಮಳೆಗಾಲದಲ್ಲಿ ಮಲೆನಾಡು ಎಷ್ಟು ಚೆಂದ’, ‘ಪ್ರವಾಸಕ್ಕೆ ಮುನ್ನ ಹತ್ತು ಸಲಹೆ’ – ಬಂದ ಲೇಖನಗಳೆಲ್ಲ ಹೀಗೇ. ನಮ್ಮ ಊರಿನ ಹೆಸರು ತೆಗೆದು ಊಟಿ ಅಂತ ಹಾಕಿದ್ದರೂ ನಡೆಯುತ್ತಿತ್ತು.

ಒಂದರಲ್ಲಿ ಕಾಫಿ ಹೂವು ಡಿಸೆಂಬರ್‌ನಲ್ಲಿ ಅರಳುತ್ತೆ ಅಂತ ಬರೆದಿದ್ದರು. ಅದು ಹಣ್ಣು ಕೊಯ್ಯುವ ಕಾಲ. ಹೂವು ಬರುವುದು ಬೇಸಿಗೆಯ ಮೊದಲ ಮಳೆ, ನಾವು ಹೂಮಳೆ ಅಂತೀವಲ್ಲ, ಅದು ಬಿದ್ದ ಮೇಲೆ. ಆ ಲೇಖನ ನಂಬಿ ಬಂದ ಒಂದು ಕುಟುಂಬ ಅಂಗಳದಲ್ಲಿ ನಿಂತು ‘ಹೂವು ಎಲ್ಲಿ?’ ಅಂತ ಕೇಳಿತು. ಅವರ ಮಗಳು ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಕಾರಿಂದ ಇಳಿದಿದ್ದಳು. ನನಗೆ ಆದ ಸಂಕಟ ಹೇಳತೀರದು. ಬರೆದವರು ಯಾರೋ, ಬಂದವರ ಮುಂದೆ ನಿಂತು ಉತ್ತರ ಕೊಡಬೇಕಾದವಳು ನಾನು.

ದುಡ್ಡು ಮುಗಿಯಿತು, ಲೇಖನವೂ ನಿಂತಿತು. ಕೊನೆಯ ಬರಹದ ತಾರೀಖು ಮಾತ್ರ ಹಾಗೇ ಉಳಿಯಿತು. ಎರಡು ವರ್ಷ ಆದಮೇಲೆ ಫೋನ್ ಮಾಡಿದವರು ‘ಹೋಂಸ್ಟೇ ಇನ್ನೂ ಇದೆಯಾ?’ ಅಂತ ಕೇಳತೊಡಗಿದರು. ಬ್ಲಾಗ್ ತೆಗೆಸಿಬಿಟ್ಟೆ. ಅದರ ಜಾಗದಲ್ಲಿ ನಾನೇ ಒಂದು ಪುಟ ಬರೆದೆ. ಯಾವ ತಿಂಗಳು ಬಂದರೆ ಏನು ನೋಡಬಹುದು, ಜಿಗಣೆ ಯಾವಾಗ ಜಾಸ್ತಿ, ಜೋರು ಮಳೆಗೆ ಮಣ್ಣು ಕುಸಿದು ಶಿರಾಡಿ ಘಾಟ್ ಬಂದ್ ಆದರೆ ಯಾವ ದಾರಿ. ಅದರಲ್ಲಿ ತಾರೀಖಿಲ್ಲ. ವರ್ಷಕ್ಕೊಮ್ಮೆ ತಿದ್ದುತ್ತೇನೆ. ಈಗ ಬರುವವರು ಅದನ್ನು ಓದಿಕೊಂಡೇ ಬರುತ್ತಾರೆ, ಜಿಗಣೆಗೆ ಸುಣ್ಣವನ್ನೂ ತಂದುಕೊಂಡಿರುತ್ತಾರೆ.

ಪುಣೆ, ಗೃಹಿಣಿ (ತವರು ಬಾಗಲಕೋಟೆ)

ಅಕ್ಕಾರ, ನಾನು ಕೊಳ್ಳುವವಳು, ಕೊಳ್ಳುವವಳ ಮಾತು ಕೇಳಿ. ಫೋನಿನಲ್ಲಿ ಇಳಕಲ್ ಸೀರೆ ಅಂತ ಹುಡುಕಿದರೆ ಒಂದು ಕಡೆ ಎಂಟುನೂರು ರೂಪಾಯಿ, ಇನ್ನೊಂದು ಕಡೆ ಎಂಟು ಸಾವಿರ. ಫೋಟೋದಲ್ಲಿ ಎರಡೂ ಒಂದೇ ಥರ. ಯಾಕೆ ಅಷ್ಟು ಫರಕು ಅಂತ ಯಾರೂ ಹೇಳುವುದಿಲ್ಲ.

ನಮ್ಮವ್ವ ಸೀರೆ ಆರಿಸುವಾಗ ಮೊದಲು ಸೆರಗು ಬಿಚ್ಚುತ್ತಿದ್ದಳು. ಒಡಲು ಮತ್ತು ಸೆರಗು ಕೂಡುವ ಕಡೆ ಹೆಬ್ಬೆರಳು ಆಡಿಸುತ್ತಿದ್ದಳು. ಅಲ್ಲಿ ಕೊಂಡಿ ಇರುತ್ತದೆ. ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಗಿಸಿ ಕೂಡಿಸುತ್ತಾರೆ. ಬೆರಳಿಗೆ ಸಣ್ಣ ಏಣು ಹತ್ತುತ್ತದೆ. ಅದು ಸಿಕ್ಕ ಮೇಲೇ ಅವ್ವ ರೇಟು ಕೇಳುತ್ತಿದ್ದಳು. ನನಗೆ ಪುಣೆಯಲ್ಲಿ ಕೂತು ಬೆರಳು ಆಡಿಸಲು ಆಗಲ್ಲ, ಅಲ್ವಾ? ಆ ಜಾಗವನ್ನು ಹತ್ತಿರದಿಂದ ಫೋಟೋ ತೆಗೆದು, ಅದು ಏನು ಅಂತ ನಾಲ್ಕು ಸಾಲು ಬರೆಯಿರಿ.

ಟೋಪ್ ತೆನಿ ಸೆರಗು ಅಂದರೆ ಹೇಗಿರುತ್ತೆ, ಚಿಕ್ಕಿ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ, ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಪ್ಪಟ ರೇಷ್ಮೆಯೋ ಆರ್ಟ್ ಸಿಲ್ಕೋ (ಕೃತಕ ರೇಷ್ಮೆ), ಒಗೆದರೆ ಸೆರಗಿನ ಕೆಂಪು ಒಡಲಿಗೆ ಹತ್ತುತ್ತಾ, ಕಚ್ಚೆ ಉಡುವವರಿಗೆ ಒಂಬತ್ತು ಗಜ ಸಿಗುತ್ತಾ. ನಿಮ್ಮ ಮನೆಯವರು ಗಾದಿ ಮೇಲೆ ಕೂತು ದಿನಾ ಹೇಳುವುದು ಇವನ್ನೇ ತಾನೆ? ಒಂದು ಮಧ್ಯಾಹ್ನ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಕೊಂಡು ಬರೆಯಿರಿ. ಪುರುಸೊತ್ತಿಲ್ಲ ಅನ್ನುವುದಕ್ಕೂ ದಾರಿ ಆಯಿತು. ಪವರ್‌ಲೂಮ್ ಸೀರೆಯನ್ನೂ ಮಾರುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹಾಗೆ ಹೇಳಿದ ಅಂಗಡಿಯಲ್ಲೇ ನಾನು ಎಂಟು ಸಾವಿರದ್ದನ್ನೂ ಧೈರ್ಯವಾಗಿ ಕೊಳ್ಳುತ್ತೇನೆ.

ಮೈಸೂರು, ವೆಬ್‌ಸೈಟ್ ಕೆಲಸ ಮಾಡುವವರು

ನನ್ನದೂ ಅದೇ ಕಸುಬು, ಆದರೂ ಹೇಳುತ್ತೇನೆ. ಬ್ಲಾಗ್ ಇಲ್ಲದಿದ್ದರೆ ಕಾಣಿಸುವುದಿಲ್ಲ ಅನ್ನುವುದು ತಪ್ಪು. ಗೂಗಲ್ ತೋರಿಸುವುದು ಪುಟಗಳನ್ನು. ಆ ಪುಟ ಬ್ಲಾಗಿನಲ್ಲಿದೆಯೋ ಹೊರಗಿದೆಯೋ ಅನ್ನುವುದು ಮುಖ್ಯ ಅಲ್ಲ, ಹುಡುಕಿದವರಿಗೆ ಉತ್ತರ ಇದೆಯಾ ಅನ್ನುವುದು ಮುಖ್ಯ. 2022ರ ಡಿಸೆಂಬರ್‌ನಲ್ಲಿ ಗೂಗಲ್ ಹುಡುಕಾಟದ ಗುಣಮಟ್ಟ ನೋಡುವ ತನ್ನ ಪರೀಕ್ಷಕರಿಗೆ ಕೊಡುವ ಮಾರ್ಗಸೂಚಿಯಲ್ಲಿ ಬರೆದವರ ಸ್ವಂತ ಅನುಭವವನ್ನೂ ನೋಡಿ ಅಂತ ಸೇರಿಸಿತು. 2024ರ ಮಾರ್ಚ್‌ನಲ್ಲಿ, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ಲೇಖನ ತುಂಬುವುದನ್ನು ಸ್ಪ್ಯಾಮ್ ಅಂತ ಕರೆಯಿತು, ಮನುಷ್ಯರು ಬರೆದಿರಲಿ, ಯಂತ್ರ ಬರೆದಿರಲಿ. ನಿಮ್ಮ ಅಂಗಡಿಯ ಹೊಸ್ತಿಲು ತುಳಿಯದವರು ತಿಂಗಳಿಗೆ ನಾಲ್ಕು ಬರೆದರೆ ಅದರಲ್ಲಿ ಅನುಭವ ಎಲ್ಲಿಂದ ಬರಬೇಕು?

ನಿಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಆಗುತ್ತಿದೆಯಾ ಅಂತ ಕೇಳಿ ನೋಡಿ. ಅದು 2003ರಲ್ಲಿ ಹುಟ್ಟಿದ್ದೇ ಬ್ಲಾಗ್ ಬರೆಯಲು. ಬ್ಲಾಗಿನ ಜಾಗ ಅದರಲ್ಲಿ ಮೊದಲೇ ಇರುತ್ತೆ. ತಾರೀಖು ಇರುವ ಬರಹಕ್ಕೆ ‘ಪೋಸ್ಟ್’, ಕಾಯಂ ಇರುವುದಕ್ಕೆ ‘ಪೇಜ್’. ಮೊದಲು ನಾಲ್ಕೈದು ಪೇಜ್ ಮಾಡಿ ಸಾಕು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿರಲಿ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ, ಅದನ್ನು ನಿಮ್ಮ ಜಿಮೇಲ್‌ಗೇ ಜೋಡಿಸಿಕೊಳ್ಳಿ. ಜನ ಯಾವ ಮಾತು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದರು ಅಂತ ಅಲ್ಲಿ ಕಾಣುತ್ತೆ. ಮೂರ್ನಾಲ್ಕು ತಿಂಗಳು ನೋಡಿ, ಯಾವ ಪ್ರಶ್ನೆಗೆ ಉತ್ತರ ಇಲ್ಲವೋ ಅದನ್ನು ಬರೆಯಿರಿ.

ಗುಳೇದಗುಡ್ಡ, ಖಣ ನೇಯುವ ಮನೆಯವರು

ಅಕ್ಕಾರ, ಬ್ಲಾಗ್ ಬೇಡ ಅಂತ ಎಲ್ಲರೂ ಹೇಳಬಹುದು. ಲೇಖನ ದುಡ್ಡು ಕೊಟ್ಟು ಬರೆಸಬೇಡಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬರೆಯುವ ಆಸೆ ಇದೆ ಅಂದಿದ್ದೀರಿ, ಅದನ್ನು ಬಿಡಬೇಡಿ. ತಿಂಗಳಿಗೆ ನಾಲ್ಕು ಬೇಡ, ವರ್ಷಕ್ಕೆ ನಾಲ್ಕು ಆದರೂ ನಡೆಯುತ್ತದೆ. ನಿಮಗೆ ನೇಯ್ದು ಕೊಡುವ ಹಿರಿಯರ ಹತ್ತಿರ ಹೋಗಿ ಕೂಡಿ. ದಡಿಗೆ ಆ ಹೆಸರು ಹೇಗೆ ಬಂತು, ಮೊದಲು ಯಾವ ಬಣ್ಣ ನೇಯುತ್ತಿದ್ದರು, ಈಗ ಯಾಕೆ ಬಿಟ್ಟರು, ಕೇಳಿ ಬರೆದಿಡಿ. ಹೆಸರು, ಫೋಟೋ ಹಾಕುವ ಮೊದಲು ಅವರನ್ನೇ ಕೇಳಿ. ಇಂಥ ಬರಹಕ್ಕೆ ತಾರೀಖು ಇದ್ದರೇ ಒಳ್ಳೆಯದು.

ನಮ್ಮ ಅಜ್ಜಿಗೆ ಖಣದ ಪ್ರತಿ ನಮೂನೆಯ ಹೆಸರೂ ಬಾಯಲ್ಲೇ ಇತ್ತು. ತೇರು, ಆನೆ ಹೆಜ್ಜೆ, ಹೀಗೆ ಹೇಳುತ್ತಾ ಹೋಗುತ್ತಿದ್ದಳು. ನಾವು ಯಾರೂ ಬರೆದುಕೊಳ್ಳಲಿಲ್ಲ. ಅವಳ ಟ್ರಂಕಿನಲ್ಲಿ ಇಪ್ಪತ್ತಮೂರು ತುಂಡುಗಳು ಸಿಕ್ಕವು. ಒಂಬತ್ತಕ್ಕೆ ಹೆಸರು ಗೊತ್ತು. ಉಳಿದವನ್ನು ಹಿಡಿದುಕೊಂಡು ಊರಲ್ಲಿ ಇನ್ನೂ ಕೇಳುತ್ತಾ ಇದ್ದೇನೆ.