ಪಾಸು ವಸೂಲಿ

"ಆರು ದಿನದ್ದು ತಗೊಳ್ಳೋದೋ, ಎಂಟು ದಿನದ್ದೋ?" ಸೀನು ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ಕೇಳಿದ.

"ಯಾವುದು, ಮಾತ್ರೆನಾ?" ಎಂದರು ಶಾಮಣ್ಣ.

"ಸ್ವಿಟ್ಜರ್ಲೆಂಡ್ ಟ್ರಿಪ್ಪಿಗೆ ಸ್ವಿಸ್ ಟ್ರಾವೆಲ್ ಪಾಸ್! ರೈಲು, ಬಸ್ಸು, ದೋಣಿ, ಊರೊಳಗಿನ ಟ್ರಾಮು, 500ಕ್ಕೂ ಹೆಚ್ಚು ಮ್ಯೂಸಿಯಂ, ಎಲ್ಲ ಅದರಲ್ಲೇ. ಬೇಡ ಅಂದ್ರೆ ಹಾಫ್ ಫೇರ್ ಕಾರ್ಡ್ ಇದೆ. ಒಂದು ತಿಂಗಳು ಹೆಚ್ಚುಕಮ್ಮಿ ಎಲ್ಲಾ ಟಿಕೆಟ್ಟೂ ಅರ್ಧ ರೇಟು."

"ಫುಲ್ ಮೀಲ್ಸೋ ಪ್ಲೇಟ್ ಮೀಲ್ಸೋ ಅಂತ ಕೇಳ್ತಿದ್ದಾನೆ" ಎಂದ ರಾಘು, ಬೈಟೂ ಕಾಫಿಯಲ್ಲಿ ತನ್ನ ಪಾಲು ಜಾಸ್ತಿ ಬರುವಂತೆ ಬಗ್ಗಿಸಿಕೊಳ್ಳುತ್ತ.

"ಫುಲ್ ಮೀಲ್ಸಿನವನ ಪಾಡು ನೋಡಿಲ್ವೇನೋ? ಹೊಟ್ಟೆ ತುಂಬಿದ್ರೂ ದುಡ್ಡು ವಸೂಲಾಗಿಲ್ಲ ಅಂತ ಮತ್ತೊಮ್ಮೆ ಅನ್ನ ಹಾಕಿಸ್ಕೋತಾನೆ."

ಸೀನು ಎಕ್ಸೆಲ್ ತೆರೆದ. ಏಳು ಬಣ್ಣ. "ಮೂರನೇ ದಿನ ಗ್ಲೇಸಿಯರ್ ಎಕ್ಸ್‌ಪ್ರೆಸ್. ಝೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ. 291 ಸೇತುವೆ, 91 ಸುರಂಗ, ಸುಮಾರು ಎಂಟು ಗಂಟೆ. ಪ್ರಪಂಚದಲ್ಲೇ ಅತಿ ನಿಧಾನದ ಎಕ್ಸ್‌ಪ್ರೆಸ್ ಅಂತ ಅವರೇ ಹೇಳ್ಕೋತಾರೆ."

"ನಮ್ಮವರು ಹೇಳ್ಕೊಳ್ಳಲ್ಲ, ಅಷ್ಟೇ ವ್ಯತ್ಯಾಸ."

"ಚಾರ್ಜು ಪಾಸಲ್ಲೇ ಬರುತ್ತೆ. ಆದ್ರೆ ಸೀಟ್ ರಿಸರ್ವೇಷನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು."

"ಊಟ ಎಷ್ಟಾದ್ರೂ ಮಾಡು, ಎಲೆಗೆ ಬೇರೆ ಚಾರ್ಜು."

"ಹಿಮದ ಬೆಟ್ಟದ ಮೇಲಿರೋ ಯುಂಗ್‌ಫ್ರಾವ್‌ಯೋಕ್‌ಗೆ ಗ್ರಿಂಡೆಲ್‌ವಾಲ್ಡ್ ಇಲ್ಲಾ ವೆಂಗೆನ್ ತನಕ ಪಾಸು ನಡೆಯುತ್ತೆ. ಅಲ್ಲಿಂದ 3,454 ಮೀಟರ್ ಎತ್ತರದ ಸ್ಟೇಷನ್ನಿಗೆ ಟಿಕೆಟ್ ತಗೋಬೇಕು. ಡಿಸ್ಕೌಂಟ್ ಇದೆ."

"ಅಲ್ಲಿಗೆ ಪಾಯಸವೂ ಬರಲ್ಲ ಅನ್ನು."

"ರಿಗಿ ಬೆಟ್ಟ ಬರುತ್ತಲ್ಲ! 1871ರಲ್ಲೇ ಹಲ್ಲುಗಾಲಿ ರೈಲು ಹತ್ತಿದ ಬೆಟ್ಟ, ಯುರೋಪಿಗೇ ಮೊದಲು. ಪೂರ್ತಿ ಪಾಸಲ್ಲೇ!"

"ನೋಡಬೇಕು ಅಂತ ಹೋಗ್ತೀಯೋ, ಪಾಸಲ್ಲಿದೆ ಅಂತ ಹೋಗ್ತೀಯೋ?"

ಸೀನು ಆ ಪ್ರಶ್ನೆಯನ್ನು ಸ್ಕ್ರೋಲ್ ಮಾಡಿ ದಾಟಿಸಿದ. "ಹದಿನಾರು ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಜೊತೆ ಪುಕ್ಕಟೆ. ನಮ್ಮ ಪುಟ್ಟನಿಗೆ ಜುಲೈಗೆ ಹದಿನಾರು."

"ಅದಕ್ಕೇ ಜೂನಲ್ಲಿ ಹೊರಟಿದ್ದೀಯ. ಮಗ ದೊಡ್ಡವನಾಗೋದೂ ನಷ್ಟದ ಬಾಬ್ತಿಗೆ ಬಿತ್ತಲ್ಲೋ!"

"ಮೋಡ ಕವಿದ್ರೆ ಏನು ಮಾಡ್ತೀಯ?" ರಾಘುಗೆ ಯಾವಾಗಲೂ ಮಳೆಯ ಚಿಂತೆ.

"ಶಿಖರದ ಮೇಲೆಲ್ಲ ಕ್ಯಾಮೆರಾ ಇಟ್ಟಿದ್ದಾರೆ. ಬೆಳಗ್ಗೆ ಮೊಬೈಲಲ್ಲಿ ನೋಡಿ, ಬಿಸಿಲಿದ್ರೆ ಮಾತ್ರ ಮೇಲಿನ ಟಿಕೆಟ್ ತಗೊಳ್ಳೋದು."

"ಇಲ್ಲೇ ಇರೋದು ಮಜಾ" ಎಂದರು ಶಾಮಣ್ಣ. "ಅರ್ಧ ರೇಟಿನವನು ಮೋಡ ನೋಡಿ ಮತ್ತೆ ಹೊದ್ದು ಮಲಗಬಹುದು. ಪಾಸಿನವನು ಮಲಗಿದ್ರೆ ಗೊರಕೆಗೊಂದು ಫ್ರಾಂಕ್ ಲಾಸು. ಮಳೇಲಿ ನೆನೀತಾ ಟ್ರಾಮ್ ಹತ್ತಿ ಡಿಪೋ ತನಕ ಹೋಗಿ ಬರ್ತಾನೆ."

ಸೀನು ಮುಖ ಸಪ್ಪಗಾಯಿತು. ಐದನೇ ದಿನದ ಹಳದಿ ಸಾಲಿನಲ್ಲಿ 'ಮಳೆ ಬಂದರೆ ಟ್ರಾಮ್' ಅಂತಲೇ ಇತ್ತು.

ಅಷ್ಟು ಹೊತ್ತೂ ಸುಮ್ಮನಿದ್ದ ಪದ್ಮ ಹೇಳಿದಳು: "ರೀ, ನಂಗೆ ಮ್ಯೂರೆನ್‌ನಲ್ಲಿ ಇಳೀಬೇಕು. ಕಾರು ಓಡಾಡದ ಊರಂತೆ. ಎದುರಿಗೇ ಮೂರು ಶಿಖರ. ಒಂದು ಬೆಂಚಿನ ಮೇಲೆ ಸುಮ್ಮನೆ ಕೂರ್ತೀನಿ."

"ಬೆಂಚಿಗೆ ಎಷ್ಟು ಅಂತ ಹಾಕಲೇ ಇದರಲ್ಲಿ? ಕೂತ್ರೆ ವಸೂಲಾಗಲ್ಲ."

ಶಾಮಣ್ಣ ಲೋಟ ಕೆಳಗಿಟ್ಟರು.

"ನಮ್ಮಪ್ಪಂಗೂ ಪಾಸಿತ್ತು ಕಣೋ. ರೈಲ್ವೆ ನೌಕರಿ, ಅರಸೀಕೆರೇಲಿ. ಪಾಸು ಬರೆಸೋ ವಾರ ದಾರೀಲಿ ಎಲ್ಲೆಲ್ಲಿ ಇಳೀಬೇಕು ಅಂತ ಅಮ್ಮ ಒಲೆ ಮುಂದೆ ಕೂತು ಊರ ಹೆಸರು ಹೇಳೋಳು, ಅಪ್ಪ ಬರ್ಕೊಳ್ಳೋರು. ಒಂದು ವರ್ಷ ಹರಿದ್ವಾರಕ್ಕೆ ಹೊರಟ್ವಿ. ಗುಂತಕಲ್ಲಲ್ಲಿ ಇಳಿದು ಬೇವಿನ ಮರದ ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿದ್ವಿ. ಅಪ್ಪ ಯೂನಿಫಾರ್ಮ್ ಇಲ್ಲದೆ ಪ್ಲಾಟ್‌ಫಾರಮ್ಮಿನ ಮೇಲೆ ಕಾಲು ಚಾಚಿ ಕೂತಿದ್ದನ್ನ ನಾನು ನೋಡಿದ್ದು ಅವತ್ತೊಂದೇ ದಿನ. ಮುಂದಿನ ಗಾಡಿ ಬಂತು. ಅಮ್ಮ, 'ಇಲ್ಲೇ ಚೆನ್ನಾಗಿದೆ, ಕೂತ್ಕೊಳ್ಳಿ' ಅಂದ್ಲು. ಗಾಡಿ ಹೋಯ್ತು. ಮಾರನೇ ದಿನ ಅಲ್ಲಿಂದಲೇ ವಾಪಸ್ಸು."

"ಗುಂತಕಲ್ಲಲ್ಲಿ ಏನಿದೆ ನೋಡೋಕೆ?" ರಾಘು ಕೇಳಿದ.

"ಏನೂ ಇಲ್ಲ. ಬಿಸಿಲು."

"ಅಯ್ಯೋ, ಅಷ್ಟು ಉದ್ದದ ಪಾಸು ವೇಸ್ಟಾಯ್ತಲ್ಲ!"

"ಅಪ್ಪ ಲೆಕ್ಕ ಹಾಕಲಿಲ್ಲ. ಅಮ್ಮ ಇರೋವಾಗ ಮತ್ತೆ ಹೊರಡೋಕೂ ಆಗಲಿಲ್ಲ. ಆಮೇಲೆ ಹರಿದ್ವಾರಕ್ಕೆ ನಾನೊಬ್ಬನೇ ಹೋದೆ, ಟಿಕೆಟ್ ತಗೊಂಡು."

ಮಾಣಿ ಬಂದು ಲೋಟ ಎತ್ತಿಕೊಂಡು ಹೋದ. ಸೀನು ಸ್ವಲ್ಪ ಹೊತ್ತು ಮೊಬೈಲ್ ಕುಟ್ಟಿದ. ಹಳದಿ ಸಾಲು ಅಳಿಸಿ ಬೇರೆ ಬರೆದ: 'ಮ್ಯೂರೆನ್, ಬೆಂಚು, ಎರಡು ಗಂಟೆ.' ಪದ್ಮ ಬಗ್ಗಿ ಓದಿಕೊಂಡಳು.

ಆಮೇಲೆ ಅವನು ಮೆಲ್ಲಗೆ ತಲೆಯೆತ್ತಿದ.

"ಶಾಮಣ್ಣ, ಬೆಂಚಿಗೂ ರಿಸರ್ವೇಷನ್ ಬೇಕಾಗುತ್ತಾ?"